ಹೊಟ್ಟೆ ಕಿರಿದಾದ ಮೇಲೆ

ಬೊಜ್ಜಿನ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಎಷ್ಟು ಖರ್ಚಾಗುತ್ತದೆ? ಎಷ್ಟು ಕಿಲೋ ಇಳಿಯುತ್ತದೆ? ಮೂರನೆಯದೊಂದು ಪ್ರಶ್ನೆಯಿದೆ, ಅದನ್ನು ಕೇಳುವವರು ಕಡಮೆ. ಮನೆಗೆ ಬಂದ ಮೇಲೆ ಏನು? ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ತೊಡಕೇನೂ ಇಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ರೋಗಿಯನ್ನು ಮನೆಗೆ ಕಳುಹಿಸಿಬಿಡುತ್ತಾರೆ. ಅಲ್ಲಿಂದ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳನ್ನು ಆ ವ್ಯಕ್ತಿ ಕಳೆಯಬೇಕಾದದ್ದು ಆಸ್ಪತ್ರೆಯಲ್ಲಲ್ಲ. ತುಮಕೂರಿನ ಯಾವುದೋ ಬಡಾವಣೆಯ ಮನೆಯಲ್ಲಿ, ಗುಬ್ಬಿಯ ತೆಂಗಿನ ತೋಟದಲ್ಲಿ, ಕುಣಿಗಲಿನ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಹಿಂದೆ. ಆ ಕಾಲವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಬಿಡೋಣ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಸುದ್ದಿ ಬಂದಾಗ, ಬೊಜ್ಜಿನ ಆಪರೇಷನ್ ಎಂದರೆ ಹೀಗೆಯೇ ಎಂದು ಹೆದರಿದವರು ಬಹಳ. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವುದು ಅಂದಕ್ಕಾಗಿ ಮಾಡುವ ಚಿಕಿತ್ಸೆ. ನಾನು ಹೇಳುತ್ತಿರುವುದು ಜಠರದ ಮೇಲೆ, ಕೆಲವೊಮ್ಮೆ ಕರುಳಿನ ಮೇಲೂ, ನಡೆಸುವ ಶಸ್ತ್ರಚಿಕಿತ್ಸೆ. ಇದರಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಇದಕ್ಕೂ ತನ್ನದೇ ಆದ ಅಪಾಯಗಳುಂಟು. ಆದರೆ ಅವು ಬೇರೆಯ ಅಪಾಯಗಳು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಹುಣ್ಣಿನ ಕಾಯಿಲೆಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳದೆ ತೆಳ್ಳಗೇ ಉಳಿಯುವುದನ್ನು ಗಮನಿಸಿದರು. ಅದರ ಎಳೆ ಹಿಡಿದು 1966ರಲ್ಲಿ ಅವರು ಬೊಜ್ಜಿಗೆಂದೇ ಜಠರದ ಮೇಲ್ಭಾಗವನ್ನು ಬೇರ್ಪಡಿಸಿ ಕರುಳಿಗೆ ಜೋಡಿಸುವ ವಿಧಾನವನ್ನು ಆರಂಭಿಸಿದರು. ಇಂದಿನ ಬೈಪಾಸ್ ಅದರ ಪರಿಷ್ಕೃತ ರೂಪ. ಅದರಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ಎಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ, ಚೀಲವೊಂದೇ ಊಟಕ್ಕೆ ಒದಗುವ ಜಠರ. ಇನ್ನೊಂದು ವಿಧಾನ ಸ್ಲೀವ್. ಇದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಅಂಗಿಯ ತೋಳಿನಂಥ ಒಂದು ಕೊಳವೆಯನ್ನು ಉಳಿಸುತ್ತಾರೆ. ತೆಗೆದ ಭಾಗದಲ್ಲಿ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತದೆ; 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಇದನ್ನು ಪತ್ತೆ ಮಾಡಿದರು. ಸ್ಲೀವ್ ಮಾಡಿಸಿಕೊಂಡವರು ಮೊದಲ ತಿಂಗಳುಗಳಲ್ಲಿ ‘ಹಸಿವೇ ಮರೆತುಹೋಗಿದೆ’ ಎನ್ನುವುದು ಬರಿಯ ಬಾಯಿಮಾತಲ್ಲ.

ತಾವು ಮಾಡಿಸಿಕೊಂಡದ್ದು ಈ ಎರಡರಲ್ಲಿ ಯಾವುದು ಎಂಬುದನ್ನೇ ತಿಳಿಯದೆ ‘ಹೊಟ್ಟೆ ಆಪರೇಷನ್ ಆಗಿದೆ’ ಎಂದಷ್ಟೇ ಹೇಳುವವರಿದ್ದಾರೆ. ಇದು ಸಣ್ಣ ವಿಷಯವಲ್ಲ. ಏಕೆಂಬುದು ಮುಂದೆ ತಿಳಿದೀತು.

ಮೊದಲ ಎರಡು ವಾರ ದ್ರವ ಪದಾರ್ಥ. ಬಳಿಕ ನುಣ್ಣಗೆ ಅರೆದ ಅಥವಾ ಮಸೆದ ಆಹಾರ. ಅನಂತರ ಮೆತ್ತನೆಯ ಆಹಾರ. ಆರರಿಂದ ಎಂಟು ವಾರಗಳ ಸುಮಾರಿಗೆ ಮಾಮೂಲಿನ ಅಡಿಗೆ. ದಿನಗಳ ಲೆಕ್ಕದಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಕ್ರಮ ಮಾತ್ರ ಇದೇ. ಆಸ್ಪತ್ರೆಯಲ್ಲಿ ಕೊಡುವ ಅಚ್ಚಾದ ಪಟ್ಟಿಗಳಲ್ಲಿ ಸೂಪು, ಪುಡಿಂಗು ಎಂದೆಲ್ಲ ಇರುವುದನ್ನು ಕಂಡು ಹಳ್ಳಿಯ ಮನೆಗಳವರು ಕಂಗಾಲಾಗುತ್ತಾರೆ. ಕಂಗಾಲಾಗಬೇಕಾದ್ದಿಲ್ಲ. ಸೋಸಿದ ಬೇಳೆಕಟ್ಟು, ಖಾರವಿಲ್ಲದ ಹುರುಳಿಕಟ್ಟು, ಬೆಣ್ಣೆ ತೆಗೆದ ಮಜ್ಜಿಗೆ, ತೆಳ್ಳಗೆ ಕದಡಿದ ರಾಗಿ ಅಂಬಲಿ ಇವೆಲ್ಲ ನಮ್ಮ ಅಡಿಗೆಮನೆಗೆ ಹೊಸವಲ್ಲ. ಬಾಣಂತಿಗೂ ಜ್ವರ ಬಿಟ್ಟವರಿಗೂ ಪಥ್ಯ ಮಾಡಿ ಬಡಿಸಿ ಪಳಗಿದ ಕೈಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ.

ಕಷ್ಟ ಎದುರಾಗುವುದು ಮುದ್ದೆಯ ಹತ್ತಿರ. ತುಮಕೂರು ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಅಗಿಯುವವನನ್ನು ಕಂಡರೆ ಪಟ್ಟಣದವನೆಂದು ನಗುತ್ತಾರೆ. ಚಿಕ್ಕಂದಿನಿಂದ ಗಂಟಲು ಕಲಿತ ಈ ವಿದ್ಯೆ ಹೊಸ ಜಠರಕ್ಕೆ ಒಗ್ಗುವುದಿಲ್ಲ. ಹಳೆಯ ಜಠರ ಒಂದು ಲೀಟರಿಗೂ ಹೆಚ್ಚಾಗಿ ಹಿಗ್ಗಬಲ್ಲ ಚೀಲವಾಗಿತ್ತು; ನುಂಗಿದ್ದನ್ನು ಹಿಡಿದಿಟ್ಟುಕೊಂಡು, ಕಡೆದು, ನೀರಾಗಿಸುತ್ತಿತ್ತು. ಈಗಿನ ಕೊಳವೆ ಹಿಗ್ಗದು, ಹೆಚ್ಚು ಕಡೆಯದು. ನುಂಗಿದ ತುತ್ತು ಇದ್ದ ಹಾಗೆಯೇ ಹೋಗಿ ಕಿರಿದಾದ ತಾವಿನಲ್ಲಿ ಕೂರುತ್ತದೆ. ಎದೆಯ ನಡುವೆ ಗೂಟ ಹೊಡೆದ ಹಾಗೆ ನೋವು, ಬಾಯಿತುಂಬ ನೊರೆಯಂಥ ಜೊಲ್ಲು, ಆಮೇಲೆ ವಾಂತಿ. ಇದನ್ನು ಒಮ್ಮೆ ಅನುಭವಿಸಿದವರು ಮುದ್ದೆಯನ್ನು ಕಂಡು ಹೆದರುವಂತಾಗುತ್ತಾರೆ.

ಹಾಗೆಂದು ಮುದ್ದೆಯನ್ನು ಶಾಶ್ವತವಾಗಿ ಬಿಡಬೇಕೆಂದು ನಾನು ಹೇಳಲಾರೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಬೇರಾವ ಮಾಮೂಲು ಧಾನ್ಯವೂ ಇದರ ಹತ್ತಿರ ಸುಳಿಯುವುದಿಲ್ಲ. ಎರಡು ಮೂರು ತಿಂಗಳಾದ ಮೇಲೆ, ವೈದ್ಯರು ಒಪ್ಪಿದರೆ, ನೆಲ್ಲಿಕಾಯಿಯಷ್ಟು ಮುದ್ದೆಯನ್ನು ಇನ್ನೂ ಚಿಕ್ಕ ಚಿಕ್ಕ ಚೂರುಗಳಾಗಿ ಮುರಿದು, ಸಾರಿನೊಡನೆ ಚೆನ್ನಾಗಿ ಅಗಿದು ತಿನ್ನಬಹುದು. ನಗುವವರು ನಗಲಿ. ಆದರೆ ಸಾರಿನ ಕಾಳಿಗೆ ಮೊದಲ ಸ್ಥಾನ, ಮುದ್ದೆಗೆ ಎರಡನೆಯದು. ಇಷ್ಟು ದಿನ ಸಾರು ಮುದ್ದೆಯನ್ನು ಇಳಿಸಲು ಇದ್ದ ಸಾಧನ; ಇನ್ನು ಮುಂದೆ ಕಾಳೇ ಊಟ, ಮುದ್ದೆ ನಂಚಿಕೊಳ್ಳುವ ಪದಾರ್ಥ.

ಇದಕ್ಕೆ ಕಾರಣವಿದೆ. ದೇಹಕ್ಕೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕು. ಅದು ಸಿಕ್ಕದಿದ್ದರೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ತಕ್ಕಡಿ ಸಂತೋಷ ಪಡಿಸುತ್ತಿರುವಾಗಲೇ ಮೆಟ್ಟಿಲು ಹತ್ತಲು ಕಾಲು ಸೋಲುತ್ತದೆ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ. ಒಂದು ಹೊತ್ತಿಗೆ ಅರ್ಧ ಬಟ್ಟಲಿಗಿಂತ ಹೆಚ್ಚು ಹಿಡಿಯದ ಹೊಟ್ಟೆಯಲ್ಲಿ 60 ಗ್ರಾಮನ್ನು ತುಂಬುವುದು ಸುಲಭದ ಲೆಕ್ಕವಲ್ಲ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಇದು ಇನ್ನೂ ಬಿಗಿ. ಆದುದರಿಂದ ಮೊದಲ ತಿಂಗಳುಗಳಲ್ಲಿ ಪ್ರೋಟೀನಿನ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಯಲು ವೈದ್ಯರು ಹೇಳಿದರೆ ಅದನ್ನು ಆಡಂಬರವೆಂದು ತಳ್ಳಬಾರದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮೇಲೆ ಆಸೆಯಾದರೆ ಅದರಲ್ಲಿ ಕಾಲು ಭಾಗ ಸಾಕು. ಆ ಕಾಲು ಭಾಗಕ್ಕೂ ಹದಿನೈದು ನಿಮಿಷ ಕೊಡಬೇಕು.

ಸ್ವಲ್ಪ ಸ್ವಲ್ಪವಾಗಿ ದಿನದಲ್ಲಿ ಐದಾರು ಸಲ ತಿನ್ನುವುದನ್ನು ನೆನೆದಾಗ ನನಗೆ ಕುಣಿಗಲಿನ ಕುದುರೆಗಳು ಜ್ಞಾಪಕಕ್ಕೆ ಬರುತ್ತವೆ. ಹೈದರ್, ಟಿಪ್ಪುವಿನ ಕಾಲದಿಂದ ಆ ಊರು ಕುದುರೆ ಸಾಕಣೆಗೆ ಹೆಸರಾದದ್ದು. ನಾಲ್ಕೈದು ನೂರು ಕಿಲೋ ತೂಗುವ ಆ ಪ್ರಾಣಿಯ ಜಠರ ಹಿಡಿಯುವುದು ಹೆಚ್ಚೆಂದರೆ ಹದಿನೈದು ಲೀಟರ್. ದನದ ಹೊಟ್ಟೆಗೆ ಹೋಲಿಸಿದರೆ ಏನೂ ಅಲ್ಲ. ಅದಕ್ಕೇ ಕುದುರೆ ಹುಲ್ಲುಗಾವಲಿನಲ್ಲಿ ದಿನವಿಡೀ ಅಷ್ಟಷ್ಟೇ ಮೇಯುತ್ತದೆ, ಚೆನ್ನಾಗಿ ಅಗಿಯುತ್ತದೆ. ಇನ್ನೊಂದು ಮಾತು: ಕುದುರೆಗೆ ವಾಂತಿ ಮಾಡಲು ಬಾರದು. ಮನುಷ್ಯನಿಗೆ ಬರುತ್ತದೆ; ನಾನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದ ವಿಷಯ ಅಲ್ಲಿಯೇ ಇದೆ.

ಅವಸರದಲ್ಲಿ ತಿಂದು ಒಮ್ಮೆ ವಾಂತಿಯಾದರೆ ಅದು ಪಾಠ. ಆದರೆ ಕುಡಿದ ನೀರೂ ನಿಲ್ಲದೆ ದಿನದಿನವೂ ವಾಂತಿಯಾಗುತ್ತಿದ್ದರೆ ಅದು ಅಪಾಯ. ‘ಆಪರೇಷನ್ ಆದವರಿಗೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ತೂಕ ಬೇಗ ಇಳಿಯುತ್ತಿದೆಯೆಂದು ರೋಗಿಯೂ ಒಳಗೊಳಗೇ ಸಂತೋಷ ಪಡುತ್ತಾರೆ. ಎರಡು ಮೂರು ವಾರ ಹೀಗೆ ಕಳೆದರೆ ದೇಹದಲ್ಲಿ ಥಯಾಮಿನ್, ಎಂದರೆ ಬಿ-1 ಜೀವಸತ್ವ, ಬರಿದಾಗುತ್ತದೆ. ಅದರ ದಾಸ್ತಾನು ನಮ್ಮ ಮೈಯಲ್ಲಿ ಇರುವುದೇ ಅಷ್ಟು ದಿನಕ್ಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು, ತೌಡು ತೆಗೆದ ಬಿಳಿಯ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡು ಬೆರಿಬೆರಿ ರೋಗದ ಗುಟ್ಟಿನ ಬಾಗಿಲು ತೆರೆದರು. 1929ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಆ ಕೋಳಿಗಳಿಗೆ ಇಲ್ಲದೆ ಹೋದದ್ದೇ ಈ ಥಯಾಮಿನ್. ಇದು ಬರಿದಾದಾಗ ಮೊದಲು ಕಾಲು ಜೋಮು ಹಿಡಿಯುತ್ತದೆ, ನಡಿಗೆ ತೂರಾಡುತ್ತದೆ, ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತಪ್ಪುತ್ತದೆ. ಆಗಲೂ ಎಚ್ಚರಗೊಳ್ಳದಿದ್ದರೆ ನೆನಪಿನ ಶಕ್ತಿಯೇ ಹೋಗಿ ಮತ್ತೆ ಮರಳದಿರಬಹುದು.

ಇಲ್ಲಿ ನಮ್ಮ ಊರುಗಳ ಒಂದು ರೂಢಿ ಕೇಡು ತರುತ್ತದೆ. ಸುಸ್ತೆಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಒಂದು ಬಾಟಲು ಗ್ಲೂಕೋಸ್ ಹಾಕಿ’ ಎಂದು ಕೇಳುವುದು ಗುಬ್ಬಿಯಲ್ಲಿಯೂ ಉಂಟು, ಕುಣಿಗಲಿನಲ್ಲಿಯೂ ಉಂಟು. ದೇಹ ಗ್ಲೂಕೋಸನ್ನು ಉರಿಸಬೇಕಾದರೆ ಥಯಾಮಿನ್ ಬೇಕೇ ಬೇಕು. ಅಳಿದುಳಿದ ಚೂರನ್ನೂ ಆ ಬಾಟಲು ಮುಗಿಸಿಬಿಡುತ್ತದೆ. ಚೇತರಿಕೆಗೆಂದು ಹಾಕಿಸಿದ ಗ್ಲೂಕೋಸೇ ಕಾಯಿಲೆಯನ್ನು ಕೆರಳಿಸುತ್ತದೆ. ಇಂಥ ರೋಗಿಗೆ ಮೊದಲು ಥಯಾಮಿನ್ ಚುಚ್ಚುಮದ್ದು, ಅನಂತರ ಗ್ಲೂಕೋಸ್. ಇದು ಅಗ್ಗದ ಔಷಧಿ. ಕೊರತೆಯಿರುವುದು ಔಷಧಿಗಲ್ಲ, ‘ಈಕೆಗೆ ಇಂಥ ಶಸ್ತ್ರಚಿಕಿತ್ಸೆಯಾಗಿದೆ, ಇಷ್ಟು ದಿನದಿಂದ ವಾಂತಿ’ ಎಂದು ಡಾಕ್ಟರಿಗೆ ಹೇಳುವ ಬಾಯಿಗೆ. ಎಷ್ಟೋ ಮಂದಿ ಆಪರೇಷನ್ನನ್ನು ನೆಂಟರಿಂದ ಮುಚ್ಚಿಡುತ್ತಾರೆ. ಅದು ಅವರ ಇಷ್ಟ. ವೈದ್ಯರಿಂದ ಮುಚ್ಚಿಡುವುದು ಮಾತ್ರ ಸಲ್ಲದು.

ಮೊದಲ ವಾರಗಳಲ್ಲಿ ತಡಮಾಡಬಾರದ ಲಕ್ಷಣಗಳು ಬೇರೆಯೂ ಇವೆ. ಜ್ವರ, ಓಡುವ ನಾಡಿ, ಹೊಟ್ಟೆಯಲ್ಲಿಯೋ ಎಡ ಭುಜದಲ್ಲಿಯೋ ಏರುವ ನೋವು ಹೊಲಿಗೆ ಸೋರುತ್ತಿರುವುದರ ಸೂಚನೆಯಾಗಬಹುದು. ಮೀನಖಂಡದ ಬಾವು, ಇದ್ದಕ್ಕಿದ್ದಂತೆ ಉಬ್ಬಸ ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಬೈಪಾಸ್ ಆದವರಿಗೆ ವರ್ಷಗಳು ಕಳೆದ ಮೇಲೂ ಕರುಳು ಒಳಗೇ ಸಿಕ್ಕಿಕೊಂಡು ಹಿಂಡುವ ನೋವು ಬರಬಹುದು. ಇವಕ್ಕೆ ಜೀರಿಗೆ ಕಷಾಯ ಕಾಯಿಸುತ್ತ ಕೂರುವುದು ತರವಲ್ಲ.

ನೀರಿನ ವಿಷಯ. ಊಟದ ಜೊತೆಯಲ್ಲಿ ಒಂದು ಚೊಂಬು ನೀರು ಇಟ್ಟುಕೊಳ್ಳುವುದು ನಮ್ಮ ಕ್ರಮ. ಹೊಸ ಹೊಟ್ಟೆಯಲ್ಲಿ ಎರಡಕ್ಕೂ ಜಾಗವಿಲ್ಲ. ಊಟಕ್ಕೆ ಮೊದಲೂ ಆಮೇಲೂ ಅರ್ಧ ಗಂಟೆ ನೀರು ಬೇಡ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಒಂದೂವರೆ ಎರಡು ಲೀಟರ್ ಆಗಬೇಕು. ಬೇಸಗೆಯಲ್ಲಿ ತೋಟದ ಕೆಲಸ ಮಾಡುವವರು ನೀರಿನ ಸೀಸೆಯನ್ನು ಸೊಂಟಕ್ಕೆ ಕಟ್ಟಿಕೊಂಡಿರುವುದೇ ಒಳ್ಳೆಯದು.

ಹಬ್ಬದ ಎಲೆ ಮತ್ತೊಂದು ಪರೀಕ್ಷೆ. ಎಲೆಯ ತುದಿಗೆ ಪಾಯಸ ಮೊದಲು ಬೀಳುತ್ತದೆ. ಹೋಳಿಗೆಯೂ ಕಾಯಿಹಾಲೂ ಹಿಂದೆಯೇ ಬರುತ್ತವೆ. ಬೈಪಾಸ್ ಆದವರಲ್ಲಿ ವಿಶೇಷವಾಗಿ, ಸ್ಲೀವ್ ಆದವರಲ್ಲಿಯೂ ಒಮ್ಮೊಮ್ಮೆ, ಸಿಹಿ ಪದಾರ್ಥ ತಡೆಯಿಲ್ಲದೆ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ. ಕೆಲವರಿಗೆ ಒಂದೆರಡು ಗಂಟೆಯ ಮೇಲೆ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಮದುವೆಮನೆಯಲ್ಲಿ ಇದನ್ನು ದೃಷ್ಟಿಯೆಂದು ಇಳಿತೆಗೆದು ಸುಮ್ಮನಾಗುವುದುಂಟು. ಆದದ್ದು ಬೆಲ್ಲದ ಪ್ರಭಾವ.

ಮಾತ್ರೆಗಳು ಜೀವನಪರ್ಯಂತ. ಬಿ-12 ಜೀವಸತ್ವ ಕರುಳಿನಲ್ಲಿ ಹೀರಲ್ಪಡಬೇಕಾದರೆ ಜಠರ ಸ್ರವಿಸುವ ಒಂದು ಪದಾರ್ಥದ ಕೈ ಹಿಡಿದೇ ಹೋಗಬೇಕು. ಜಠರವೇ ಕಿರಿದಾದಾಗ ಆ ಪದಾರ್ಥವೂ ಕಡಮೆ. ಹಾಲು ಮೊಸರುಗಳ ಹೊರತು ಬಿ-12 ದೊರೆಯದ ಸಸ್ಯಾಹಾರಿಗಳಿಗೆ ಇದು ಇಮ್ಮಡಿ ಪೆಟ್ಟು. ಇದರ ಕೊರತೆ ಒಂದೆರಡು ವರ್ಷ ಸದ್ದಿಲ್ಲದೆ ಬೆಳೆದು ಆಮೇಲೆ ಅಂಗಾಲು ಉರಿಯಾಗಿ, ಮರೆವಾಗಿ ಕಾಣಿಸುತ್ತದೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ಡಿ ಜೀವಸತ್ವ ಕೂಡ ಬೇಕು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ, ಟೀ ಬೇಡ. ಮಂಡಿನೋವೆಂದು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಹೊಸ ಜಠರದಲ್ಲಿ, ಅದರಲ್ಲಿಯೂ ಬೈಪಾಸಿನ ಜೋಡಣೆಯ ತಾವಿನಲ್ಲಿ, ಹುಣ್ಣು ಮಾಡುತ್ತವೆ. ಬೀಡಿ ಸಿಗರೇಟು ಹೊಗೆಸೊಪ್ಪುಗಳೂ ಅಷ್ಟೆ. ಮದ್ಯವಂತೂ ಮೊದಲಿಗಿಂತ ಬೇಗ, ಮೊದಲಿಗಿಂತ ಹೆಚ್ಚಾಗಿ ತಲೆಗೇರುತ್ತದೆ.

ಇನ್ನು ಕೆಲವರಿಗೆ ಬಿಡಬೇಕಾದ ಮಾತ್ರೆಗಳ ಸಮಸ್ಯೆ. ಸಕ್ಕರೆ ಕಾಯಿಲೆಯವರಲ್ಲಿ ತೂಕ ಇಳಿಯುವುದಕ್ಕೂ ಮೊದಲೇ, ಕೆಲವು ದಿನಗಳಲ್ಲಿಯೇ, ರಕ್ತದ ಸಕ್ಕರೆ ಇಳಿಯುತ್ತದೆ. ಹಳೆಯ ಪ್ರಮಾಣದ ಇನ್ಸುಲಿನ್ನನ್ನೇ ಚುಚ್ಚಿಕೊಂಡರೆ ಪ್ರಜ್ಞೆ ತಪ್ಪುವಂತಾಗುತ್ತದೆ. ರಕ್ತದೊತ್ತಡದ ಮಾತ್ರೆಯದೂ ಇದೇ ಕಥೆ. ತಾವಾಗಿಯೇ ನಿಲ್ಲಿಸುವುದೂ ತಪ್ಪು, ತಾವಾಗಿಯೇ ಮುಂದುವರಿಸುವುದೂ ತಪ್ಪು.

ಮೈಗಿಂತ ಮನಸ್ಸು ಹೊಂದಿಕೊಳ್ಳಲು ತಡವಾಗುತ್ತದೆ. ನಮ್ಮಲ್ಲಿ ಮೈ ತುಂಬಿಕೊಂಡಿರುವುದು ಉಂಡುಟ್ಟು ಸುಖವಾಗಿರುವುದರ ಗುರುತು. ಸೊರಗುವುದು ಕಷ್ಟದ ಗುರುತು. ಆರು ತಿಂಗಳಲ್ಲಿ ಮೂವತ್ತು ಕಿಲೋ ಇಳಿದ ಹೆಣ್ಣುಮಗಳು ತೌರಿಗೆ ಹೋದರೆ ಬಾಗಿಲಲ್ಲಿಯೇ ಎದುರಾಗುವ ಮಾತು, “ಅಯ್ಯೋ, ಏನವ್ವಾ ಹಿಂಗಾಗಿದೀಯಾ? ಅತ್ತೆ ಮನೇಲಿ ಅನ್ನ ಹಾಕ್ತಾರೋ ಇಲ್ವೋ?” ಅದೇ ಹೊತ್ತಿಗೆ ತಲೆಗೂದಲು ಹಿಡಿಹಿಡಿಯಾಗಿ ಉದುರುತ್ತಿರುತ್ತದೆ. ಮೂರರಿಂದ ಆರು ತಿಂಗಳವರೆಗೆ ಇದು ಸಾಮಾನ್ಯ. ಪೋಷಣೆ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ. ತೋಳಿನ, ಹೊಟ್ಟೆಯ ಚರ್ಮ ಜೋಲುತ್ತದೆ. ಅದು ಪೂರ್ತಿಯಾಗಿ ಬಿಗಿಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಮೇಲು.

ಊಟವೆಂಬುದು ನಮ್ಮಲ್ಲಿ ಹಸಿವಿನ ಶಮನ ಮಾತ್ರವಲ್ಲ, ಪ್ರೀತಿಯ ಭಾಷೆ. ‘ಇನ್ನೊಂದು ಚೂರು ಹಾಕಿಸಿಕೊಳ್ಳಿ’ ಎನ್ನದೆ ಬಡಿಸಿದರೆ ಅದು ಉಪಚಾರವೇ ಅಲ್ಲ. ಬೇಡವೆಂದು ಎಲೆಗೆ ಅಡ್ಡಲಾಗಿ ಕೈ ಹಿಡಿದವರನ್ನು ಕಂಡು ಬಡಿಸುವ ಚಿಕ್ಕಮ್ಮನ ಮುಖ ಬಾಡುತ್ತದೆ. ಉಣ್ಣುವವರಿಗಾದರೋ ಒಂದು ಜೊತೆಗಾರಿಕೆಯೇ ಕಳೆದುಹೋದಂತೆ. ಬೇಸರಕ್ಕೆ, ಒಂಟಿತನಕ್ಕೆ, ಸಂತೋಷಕ್ಕೆ ಇಷ್ಟು ವರ್ಷ ಒದಗಿದ್ದ ತಿಂಡಿಯ ಡಬ್ಬಿ ಈಗ ಒದಗುವುದಿಲ್ಲ. ಇದನ್ನು ನಾನು ಒಂದು ಬಗೆಯ ಅಗಲಿಕೆಯೆಂದೇ ಕರೆಯುತ್ತೇನೆ. ಆ ಡಬ್ಬಿಯ ಸ್ಥಾನವನ್ನು ಕುಡಿತ ಆಕ್ರಮಿಸಿದ ನಿದರ್ಶನಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ. ಮನಸ್ಸು ತೀರ ಕುಗ್ಗಿ ಜೀವವೇ ಬೇಡವೆನಿಸಿದ ನಿದರ್ಶನಗಳೂ ಇವೆ. ತೂಕ ಇಳಿದವರೆಲ್ಲ ಸಂತೋಷವಾಗಿರುತ್ತಾರೆಂದು ಮನೆಯವರು ಭಾವಿಸಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಉಪಚಾರದ ಬಿಕ್ಕಟ್ಟಿಗೆ ಉಪಾಯಗಳಿವೆ. ಸಿದ್ಧಗಂಗೆಯ ದಾಸೋಹದಂಥ ಪಂಕ್ತಿಯಲ್ಲಿ ಪ್ರಸಾದವನ್ನು ಚೆಲ್ಲುವಂತಿಲ್ಲ. ಬಡಿಸುವವರಿಗೆ ಮೊದಲೇ ಕೈಮುಗಿದು ‘ಒಂದು ಚಮಚ ಸಾಕು’ ಎಂದರೆ ಯಾರೂ ಬಲವಂತ ಮಾಡುವುದಿಲ್ಲ. ಮನೆಯಲ್ಲಿ ದೊಡ್ಡ ತಟ್ಟೆಯನ್ನು ಬಿಟ್ಟು ಮಕ್ಕಳ ತಟ್ಟೆಯಲ್ಲಿ ಉಣ್ಣಬಹುದು. ಹೊಟ್ಟೆ ತುಂಬುವ ಮುನ್ನ ಕೆಲವರಿಗೆ ಒಂದು ಬಿಕ್ಕಳಿಕೆಯೋ ಸೀನೋ ಮೂಗಿನಲ್ಲಿ ನೀರೋ ಬರುತ್ತದೆ; ಅದೇ ‘ಸಾಕು’ ಎಂಬ ಸನ್ನೆ. ಅದರ ಮೇಲೆ ತಿಂದ ಒಂದು ತುತ್ತು ಹೊರಗೆ ಬರುವ ತುತ್ತು.

ಮಕ್ಕಳಾಗಲಿಲ್ಲವೆಂಬ ಕೊರಗಿನಿಂದ ಈ ಚಿಕಿತ್ಸೆಗೆ ಹೋಗುವ ತರುಣಿಯರಿದ್ದಾರೆ. ತೂಕ ಇಳಿದಂತೆ ಮುಟ್ಟು ಸರಿಹೋಗಿ ಬಸಿರು ನಿಲ್ಲುವ ಸಂಭವ ಹೆಚ್ಚುತ್ತದೆ ನಿಜ. ಆದರೆ ಮೊದಲ ಒಂದು, ಒಂದೂವರೆ ವರ್ಷ ಗರ್ಭ ಧರಿಸಬಾರದು. ತಾಯಿಗೇ ಸಾಲದ ಪೋಷಣೆಯಲ್ಲಿ ಮಗುವಿಗೆ ಪಾಲು ಸಿಗದು. ಬೈಪಾಸ್ ಆದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಲ್ಪಡದಿರಬಹುದು, ಬೇರೆ ಕ್ರಮವನ್ನು ಕೇಳಿ ತಿಳಿಯಬೇಕು. ಅತ್ತೆ ಮಾವಂದಿರಿಗೆ ಈ ಮಾತನ್ನು ಗಂಡನಾದವನು ಮುಂದಾಗಿ ಹೇಳಿದರೆ ಆ ಹೆಣ್ಣುಮಗಳ ಹೊರೆ ಅರ್ಧ ಇಳಿಯುತ್ತದೆ.

ತೂಕ ಮತ್ತೆ ಏರುವುದಿಲ್ಲವೆ? ಸ್ವಲ್ಪ ಏರುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದರಲ್ಲಿ, ಬೈಪಾಸ್ ಆದವರು ಒಂದೆರಡು ವರ್ಷಗಳಲ್ಲಿ ತಮ್ಮ ತೂಕದ ಶೇಕಡ 32ರಷ್ಟನ್ನು ಕಳೆದುಕೊಂಡಿದ್ದರು. ಹತ್ತು ವರ್ಷದ ಹೊತ್ತಿಗೆ ಅದು ಶೇಕಡ 25ರಲ್ಲಿ ನಿಂತಿತ್ತು. ಶಸ್ತ್ರಚಿಕಿತ್ಸೆ ಆದವರ ಗುಂಪಿನಲ್ಲಿ ಸಾವಿನ ಪ್ರಮಾಣ ಕಡಮೆಯೆಂದು ಅದೇ ಅಧ್ಯಯನ 2007ರಲ್ಲಿ ತೋರಿಸಿತು. ಎರಡನೆಯ ವರ್ಷದ ಬಳಿಕ ಐದಾರು ಕಿಲೋ ಮರಳಿದರೆ ಎಲ್ಲವೂ ಮುಳುಗಿತೆಂದು ನಾಚಿ ವೈದ್ಯರ ಬಳಿಗೆ ಹೋಗುವುದನ್ನೇ ಬಿಡುವವರಿದ್ದಾರೆ. ಹೋಗಲೇಬೇಕಾದ ಸಮಯ ಅದು. ಹಸಿವು ಮರಳುವ ಈ ಕಾಲದಲ್ಲಿ ಕೋಡುಬಳೆ, ಚಕ್ಕುಲಿ, ಸಿಹಿ ಕಾಫಿಗಳು ಕಿರಿದಾದ ಜಠರವನ್ನೂ ಸುಲಭವಾಗಿ ದಾಟುತ್ತವೆ. ಬೆಳಗ್ಗೆ ಅಮಾನಿಕೆರೆಯ ದಂಡೆಯಲ್ಲಿಯೋ ಕುಣಿಗಲ್ ಕೆರೆಯ ಏರಿಯ ಮೇಲೋ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವುದೂ, ಮಾಂಸಖಂಡ ಉಳಿಯಲು ತುಸು ಭಾರ ಎತ್ತುವ ವ್ಯಾಯಾಮ ಮಾಡುವುದೂ ಈಗಲೇ ಹೆಚ್ಚು ಬೇಕು.

ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಆಗಿದ್ದರೆ ತುಮಕೂರಿನಿಂದ ಅಲ್ಲಿಗೆ ಸುಮಾರು 70 ಕಿಲೋಮೀಟರ್. ಗುಬ್ಬಿಯವರಿಗೆ ಇನ್ನೂ ಇಪ್ಪತ್ತು ಹೆಚ್ಚು. ಮೊದಲ ವರ್ಷ ನಾಲ್ಕಾರು ಸಲ, ಆಮೇಲೆ ವರ್ಷಕ್ಕೊಮ್ಮೆಯಾದರೂ ಹೋಗಬೇಕು. ಬಿ-12, ಕಬ್ಬಿಣಾಂಶ, ಡಿ ಜೀವಸತ್ವಗಳ ರಕ್ತಪರೀಕ್ಷೆಯನ್ನು ತುಮಕೂರಿನಲ್ಲಿಯೇ ಮಾಡಿಸಿ ಫಲಿತಾಂಶವನ್ನು ಕೈಯಲ್ಲಿ ಹಿಡಿದು ಹೊರಟರೆ ಒಂದು ಪ್ರಯಾಣ ಉಳಿಯುತ್ತದೆ. ಮತ್ತೆ, ಪರ್ಸಿನಲ್ಲಿ ಒಂದು ಚೀಟಿ ಇರಲಿ: ಆದದ್ದು ಸ್ಲೀವೋ ಬೈಪಾಸೋ, ಯಾವ ದಿನಾಂಕ, ಮಾಡಿದ ವೈದ್ಯರ ದೂರವಾಣಿ ಸಂಖ್ಯೆ, ಗ್ಲೂಕೋಸಿಗೆ ಮುನ್ನ ಥಯಾಮಿನ್, ಡೈಕ್ಲೋಫೆನಾಕ್ ಬೇಡ, ಮೂಗಿನಿಂದ ನಳಿಕೆ ಇಳಿಸುವ ಮುನ್ನ ಶಸ್ತ್ರವೈದ್ಯರನ್ನು ಕೇಳಿ. ನಡುರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ಪಾಳಿಯಲ್ಲಿರುವ ಡಾಕ್ಟರಿಗೆ ಓದಲು ಬರುವಂತೆ ದೊಡ್ಡ ಅಕ್ಷರದಲ್ಲಿ ಬರೆಸಿ, ಅದರ ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುವ ಕಡೆ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಡಬೇಕು.